ಕಂಪನಿಯಿಂದ ಬಂದ ಹಾಗೆ

ನನ್ನ ತಂಗಿಯ ಮೈದುನನಿಗೆ ವಸ್ತುಗಳ ಮೇಲಿದ್ದ ಅಕ್ಕರೆ ಮನುಷ್ಯರ ಮೇಲಿರಲಿಲ್ಲ. ಕೋಪದಿಂದ ಹೇಳುತ್ತಿಲ್ಲ, ಅವನನ್ನು ಮೂವತ್ತು ವರ್ಷ ನೋಡಿ ಹೇಳುತ್ತಿದ್ದೇನೆ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅವನ ಕೆಲಸ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುವುದು. ನಿವೃತ್ತನಾದ ಮೇಲೂ ಆ ಕೈ ಸುಮ್ಮನಾಗಲಿಲ್ಲ. ಬೀದಿಯವರು ಅವನಿಗೆ ಇಂಚುಪಟ್ಟಿ ಎಂದು ಹೆಸರಿಟ್ಟಿದ್ದರು. ಹೆಂಡತಿ ಬಹಳ ಹಿಂದೆಯೇ ಬಿಟ್ಟುಹೋಗಿದ್ದಳು. ಹೋಗುವಾಗ ನನ್ನ ತಂಗಿಗೆ, "ನಾನು ತಪಾಸಣೇಲಿ ಫೇಲಾದೆ ಅಕ್ಕ, ನೀವು ಹುಷಾರು" ಎಂದಳಂತೆ. ಅಂದಿನಿಂದ ಅವನು ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದ.

ಅಣ್ಣನದು ಬೇರೆಯೇ ಜಾಯಮಾನ. ಅವರು ಪೋಸ್ಟ್‌ಮಾಸ್ಟರು, "ಸಾಕು, ನಡೆಯುತ್ತೆ" ಎನ್ನುವುದು ಅವರ ಬಾಯಿಪಾಠ. ನನ್ನ ತಂಗಿಯನ್ನು ಮದುವೆಯಾದ ಹೊಸದರಲ್ಲಿ, ಯಾರೋ ಸಾಕಷ್ಟು ಓಡಿಸಿ ಮಾರಿದ ಕಾರೊಂದನ್ನು ತಂದರು. ಆಗಲೇ ಅದಕ್ಕೆ ಯಾರೋ ಹಳದಿ ಬಳಿದಿದ್ದರು. ಆಮೇಲೆ ಮುರಿದದ್ದಕ್ಕೆಲ್ಲ ಇವರು ಕೈಗೆ ಸಿಕ್ಕಿದ್ದನ್ನು ತೊಡಿಸುತ್ತಾ ಹೋದರು: ಬಾಗಿಲಿಗೆ ಬೀರುವಿನ ಹಿಡಿ, ಸೀಟಿಗೆ ಕಿಟಕಿ ಪರದೆಯ ಬಟ್ಟೆ, ದೀಪ ಹಾಕಲು ಹಳೇ ರೇಡಿಯೋದ ಗುಂಡಿ. ಆ ಕಾರಿನಲ್ಲಿ ಕೂತಾಗಲೆಲ್ಲ ಇಂಚುಪಟ್ಟಿ ಹಲ್ಲುನೋವು ಬಂದವನಂತೆ ಮುಖ ಮಾಡುತ್ತಿದ್ದ.

ಪೋಸ್ಟ್‌ಮಾಸ್ಟರ ನೆನಪು ಸೋರಲು ಶುರುವಾದಾಗ ಕಾರು ಷೆಡ್ಡಿನಲ್ಲಿ ಕೆಟ್ಟು ನಿಂತಿತ್ತು. ವೈದ್ಯರು ಇದಕ್ಕೆ ಔಷಧವಿಲ್ಲ ಎಂದರು. ಹಳೆಯ ವಸ್ತುಗಳನ್ನು ತೋರಿಸುತ್ತಿದ್ದರೆ ಒಂದಷ್ಟು ಕಾಲ ಹಿಡಿದಿಡಬಹುದು ಎಂದೂ ಸೇರಿಸಿದರು. ಇಂಚುಪಟ್ಟಿಗೆ ಅಷ್ಟೇ ಸಾಕಾಯಿತು.

"ಕಾರನ್ನ ಕಂಪನಿಯಿಂದ ಬಂದ ಹಾಗೆ ಮಾಡ್ತೀನಿ ಅತ್ತಿಗೆ. ಅದನ್ನ ನೋಡಿದ್ರೆ ಅಣ್ಣನಿಗೆ ಎಲ್ಲಾ ಜ್ಞಾಪಕಕ್ಕೆ ಬರುತ್ತೆ."

"ಓಡೋ ಹಾಗೆ ಮಾಡಪ್ಪ, ಸಾಕು. ಕೂರಿಸ್ಕೊಂಡು ಒಂದು ಸುತ್ತು ಹೋಗಿಬರೋಣ."

"ಓಡಿದ್ರೆ ಸಾಕಾ? ಸರಿಯಾಗಿರಬೇಡ್ವಾ?"

ಡ್ಯಾಶ್‌ಬೋರ್ಡ್ ಕಳಚಿ, ಅದರ ಹಿಂದೆ ಬೆರಳಗಲದಷ್ಟು ಉಳಿದಿದ್ದ ಮೊದಲಿನ ಬಣ್ಣವನ್ನು ಪತ್ತೆ ಮಾಡಿದ. ಮಬ್ಬು ಹಸಿರು. ಪೇಂಟರ್ ಆ ಹಸಿರನ್ನು ಕಲಸಿ ತಂದಾಗಲೆಲ್ಲ ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಹಿಡಿದು ನೋಡಿ ವಾಪಸು ಕಳಿಸಿದ. "ನಿಮ್ಮ ಕಣ್ಣಿಗೆ ಮಾತ್ರ ಕಾಣೋ ಹಸಿರು ನನ್ನ ಡಬ್ಬೀಲಿಲ್ಲ ಯಜಮಾನ್ರೇ" ಎಂದು ಪೇಂಟರ್ ಕೈಮುಗಿದ. ಸ್ಕ್ರೂಗಳ ತಲೆಯ ಮೇಲೆ ಒಂದೇ ಗೀರಿರಬೇಕು, ಪ್ಲಸ್ಸಿನಂಥ ಅಡ್ಡಗೀರು ಆ ಕಾಲದ್ದಲ್ಲ. ಬಾಗಿಲಿನ ಹಿಡಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಅಲೆದ. ಸಿಕ್ಕಿದ ಹಿಡಿಯ ಬಾಗು ಒಂದು ವರ್ಷ ಈಚಿನ ಕಾರಿನದೆಂದು ಕಂಡು ಮತ್ತೆ ಅಲೆದ.

ಅಷ್ಟು ದಿನವೂ ಪೋಸ್ಟ್‌ಮಾಸ್ಟರು ಷೆಡ್ಡಿಗೆ ಬಂದು ಪರದೆ ಬಟ್ಟೆಯ ಸೀಟಿನಲ್ಲಿ ಕೂರುತ್ತಿದ್ದರು. ಅಲ್ಲಿ ಕೂತರೆ ಅವರ ಕೈಗಳ ಚಡಪಡಿಕೆ ನಿಲ್ಲುತ್ತಿತ್ತು. ಒಂದು ದಿನ ಆ ಸೀಟೂ ಗುಜರಿಗೆ ಹೋಯಿತು.

"ಅದೊಂದನ್ನಾದ್ರೂ ಬಿಡಬಾರ್ದಿತ್ತಾ?" ಎಂದಳು ತಂಗಿ.

"ಅದು ಕಂಪನೀದಲ್ಲ ಅತ್ತಿಗೆ."

"ನಾನೂ ಕಂಪನಿಯಿಂದ ಬಂದ ಹಾಗೆ ಉಳಿದಿಲ್ಲ. ನನ್ನನ್ನೂ ಗುಜರಿಗೆ ಹಾಕು."

ಅವನು ನಗಲಿಲ್ಲ. ಅವನು ಮಾಡುತ್ತಿದ್ದ ತಪ್ಪು ಎಂಥದ್ದೆಂದರೆ, ಪೋಸ್ಟ್‌ಮಾಸ್ಟರು ಆ ಕಾರನ್ನು ಕಂಪನಿಯಿಂದ ಬಂದ ಹಾಗೆ ಒಂದು ದಿನವೂ ನೋಡಿದವರಲ್ಲ. ಫೋನಿನಲ್ಲಿ ನಾನೇ ಕೇಳಿದೆ, "ನೋಡದೇ ಇದ್ದದ್ದು ನೆನಪಿಗೆ ಬರೋದು ಹೇಗಪ್ಪ?"

"ಅವರು ಇಷ್ಟು ವರ್ಷ ನೋಡಿದ್ದೇ ತಪ್ಪು ಕಾರು" ಎಂದ. "ಸರಿಯಾದ್ದು ಇದು."

ಬರುಬರುತ್ತಾ ಪೋಸ್ಟ್‌ಮಾಸ್ಟರಿಗೆ ಅಕ್ಕಪಕ್ಕದವರು ಮರೆತುಹೋದರು, ಹಳೆಯ ಗೆಳೆಯರು ಮರೆತುಹೋದರು. ಒಂದು ಬೆಳಿಗ್ಗೆ, ಹುಟ್ಟಿದಾಗಿನಿಂದ "ಲೋ" ಎಂದೇ ಕರೆದ ತಮ್ಮನಿಗೆ, "ನಿಮ್ಮದು ತಿಂಡಿ ಆಯ್ತಾ?" ಎಂದರು. ಇಂಚುಪಟ್ಟಿ "ಆಯ್ತು" ಎಂದವನೇ ಷೆಡ್ಡಿಗೆ ಹೋಗಿ ದಿನವಿಡೀ ಬಂಪರ್ ಉಜ್ಜಿದನಂತೆ. ತಂಗಿ ಇದನ್ನು ಹೇಳಿದಾಗ ಅವನ ಬಗ್ಗೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಕಾರು ಮುಗಿದಾಗ ನಾನು ಅಲ್ಲಿಗೆ ಹೋಗಿದ್ದೆ. ಸುತ್ತ ಒಂದು ಸಲ ನಡೆದು ನೋಡಿದೆ. ಎಲ್ಲಿಯೂ ಬೆರಳಿಟ್ಟು ತೋರಿಸುವಂಥ ಕುಂದಿರಲಿಲ್ಲ. ಇಂಚುಪಟ್ಟಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ. ತಂಗಿ ಗಂಡನ ಕೈ ಹಿಡಿದು ಕರೆತಂದಳು. ಅವರು ಕಾರನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಯಾರ್ದು ಗಾಡಿ?"

"ನಮ್ದೇ ಕಣ್ರೀ" ಎಂದಳು ತಂಗಿ.

"ನಮ್ದು ಹಳದಿ ಅಲ್ವಾ" ಎಂದು ಅವರು ಹೆಂಡತಿಯ ಮರೆವಿಗೆ ನಕ್ಕರು. ಆಮೇಲೆ ತಮ್ಮನ ಕಡೆ ತಿರುಗಿದರು. "ಮೇಸ್ತ್ರಿ, ನಮ್ಮ ಗಾಡಿ ನಿಮ್ಮ ಹತ್ರ ಬಿಟ್ಟು ಎಷ್ಟೋ ದಿನ ಆಯ್ತು. ಯಾವಾಗ ಕೊಡ್ತೀರಿ? ನಮಗೆ ಅದಿಲ್ಲದೆ ಕೈ ಮುರಿದ ಹಾಗಾಗಿದೆ."

 ಇಂಚುಪಟ್ಟಿ ಎಂದೂ ಅಂದಾಜಿನ ಮಾತಾಡದವನು. ಅಣ್ಣನ ಕೈಬೆರಳುಗಳು ಆಗಲೇ ಅಂಗಿಯ ಗುಂಡಿಯನ್ನು ತಿರುಚತೊಡಗಿದ್ದವು.

"ಆಗ್ತಾ ಇದೆ ಸಾರ್" ಎಂದ. "ನಾಳೆ ಬನ್ನಿ."

"ಎಲ್ಲಾ ಮೇಸ್ತ್ರಿಗಳೂ ಹೇಳೋದು ಇದೇ ನಾಳೆ" ಎಂದು ಅವರು ಸಮಾಧಾನದಿಂದಲೇ ಒಳಗೆ ಹೋದರು. ತಂಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಂದು ಸುತ್ತು ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ನಾನು ಹೊರಡಲು ಚೀಲ ಕಟ್ಟಿಕೊಂಡು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ. ಅಲ್ಲಿಂದ ಷೆಡ್ಡು ಕಾಣುತ್ತದೆ. ಅಲ್ಲಿ ಮಾಡಲು ಯಾವ ಕೆಲಸವೂ ಉಳಿದಿರಲಿಲ್ಲ. ಇಂಚುಪಟ್ಟಿ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ನಿಂತಿದ್ದ. ಒಳಗೆ ಪೋಸ್ಟ್‌ಮಾಸ್ಟರು ಚಪ್ಪಲಿ ಮೆಟ್ಟಿದ ಸದ್ದಾಯಿತು. ಅವನು ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದು, ಬೆರಳದ್ದಿ, ಎರಡೂ ಕೈಗೆ ಮಣಿಕಟ್ಟಿನವರೆಗೆ ಬಳಿದುಕೊಂಡ. ಅಂಗಿಯ ಎದೆಗೂ ಒಂದಿಷ್ಟು ಒರೆಸಿಕೊಂಡ. ಆಮೇಲೆ ಬಾನೆಟ್ ಎತ್ತಿ, ಸ್ಪ್ಯಾನರ್ ಹಿಡಿದು, ಅದರೊಳಗೆ ಬಗ್ಗಿದ.