ಅಂಡಿಗೆ ತುಳಿಯುವವನ ಸೈಕಲ್ಲು

ದಪ್ಪಗಿರುವವನ ಸೈಕಲ್ಲು ಕೆಟ್ಟಿತೆಂದರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾರಣ ಪಕ್ಕದಲ್ಲೇ ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತದೆ. ತೆಳ್ಳಗಿನವನ ಟ್ಯೂಬು ತೂತಾದರೆ ಮುಳ್ಳಿಗೆ ಬೈಯುತ್ತಾರೆ, ರಸ್ತೆಗೆ ಬೈಯುತ್ತಾರೆ, ಸರಕಾರಕ್ಕೂ ನಾಲ್ಕು ಮಾತು ಅನ್ನುತ್ತಾರೆ. ನನ್ನದು ತೂತಾದರೆ ನನ್ನ ಹೊಟ್ಟೆ ನೋಡಿ ನಗುತ್ತಿದ್ದರು. ಇದು ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದ ಮಾತು. ನಕ್ಕವರಲ್ಲಿ ಬಹಳ ಮಂದಿ ಸತ್ತೂ ಹೋದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ, ನಾನು ಇಟ್ಟುಕೊಂಡಿದ್ದೇನೆ.

ನಮ್ಮ ಮನೆ ಶಿಗ್ಗಾವಿ ಹತ್ತಿರದ ಹಿರೇಬೆಂಡಿಗೇರಿಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಯಜಮಾನಿಕೆ ಅಣ್ಣನದು. ಎರೆಹೊಲ ಸಾಕಷ್ಟಿತ್ತು, ಹತ್ತಿ ಚೆನ್ನಾಗಿ ಬೆಳೆಯುತ್ತಿತ್ತು, ಯಾರಿಗೂ ಉಪವಾಸವಿರಲಿಲ್ಲ. ಆದರೂ ನಾನು ಊಟಕ್ಕೆ ಕೂತಾಗಲೆಲ್ಲ ಅಣ್ಣ ಏನಾದರೊಂದು ಅನ್ನದೆ ಏಳುತ್ತಿರಲಿಲ್ಲ. ದುಡಿಯೋದು ಒಬ್ಬರದು, ಬೆಳೆಯೋದು ಇನ್ನೊಬ್ಬರದು ಎಂದು ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದ. ನಾನು ಅವನಿಗಿಂತ ಹೆಚ್ಚು ಉಣ್ಣುತ್ತಿರಲಿಲ್ಲ. ಅವ್ವನ ತವರಿನಲ್ಲಿ ಎಲ್ಲರ ಮೈಕಟ್ಟೂ ಹೀಗೆಯೇ, ದೊಡ್ಡ ಎಲುಬು, ಅಗಲ ಬೆನ್ನು. ಅದು ಅಣ್ಣನಿಗೆ ಬರಲಿಲ್ಲ, ನನಗೆ ಬಂತು.

ವರ್ಷದಲ್ಲಿ ಒಂದು ಸುಗ್ಗಿ ಮಾತ್ರ ನನ್ನ ಮೈ ಮನೆಯವರ ಕಣ್ಣಿಗೆ ಬೇರೆಯಾಗಿ ಕಾಣುತ್ತಿತ್ತು. ಹತ್ತಿ ಬಿಡಿಸಿ ತಂದ ಮೇಲೆ ಅದನ್ನು ಅಂಡಿಗೆ ಕಟ್ಟಬೇಕು. ಅಂಡಿಗೆ ಎಂದರೆ ಆಳೆತ್ತರದ ಗೋಣಿಚೀಲ. ಅದರ ಬಾಯಿಯನ್ನು ತೊಲೆಗೆ ಹಗ್ಗದಿಂದ ಬಿಗಿದು ಇಳಿಬಿಡುತ್ತಾರೆ. ಒಬ್ಬ ಅದರೊಳಗೆ ಇಳಿಯಬೇಕು. ಮೇಲಿನಿಂದ ಹತ್ತಿ ಸುರಿಯುತ್ತಾರೆ, ಒಳಗಿನವನು ತುಳಿಯುತ್ತಾನೆ. ಹತ್ತಿ ಏರಿದಂತೆ ಅವನೂ ಏರುತ್ತ ಕೊನೆಗೆ ಚೀಲದ ಬಾಯಿಗೆ ಬಂದು ನಿಲ್ಲುತ್ತಾನೆ. ಒಳಗಿನವನು ಎಷ್ಟು ಭಾರವಿದ್ದರೆ ಅಂಡಿಗೆ ಅಷ್ಟು ಗಟ್ಟಿ. ಹದಿನಾಲ್ಕರ ವಯಸ್ಸಿನಿಂದ ಆ ಕೆಲಸ ನನ್ನದೇ. ನಮ್ಮ ಮನೆಯದು ಮುಗಿದರೆ ಓಣಿಯವರದು. ಅಣ್ಣ ನನ್ನನ್ನು ಬಾವಿಯ ಹಗ್ಗ ಎರವಲು ಕೊಟ್ಟ ಹಾಗೆ ಕೊಟ್ಟುಬಿಡುತ್ತಿದ್ದ. ಮೂಗು, ಕಣ್ಣು, ಕಿವಿ ಎಲ್ಲ ಹತ್ತಿಯ ಧೂಳು. ಚೀಲದ ಮೇಲೆ ನನ್ನ ತಲೆಯಷ್ಟೇ ಕಾಣತೊಡಗಿದಾಗ ಹೆಂಗಸರು ಮಕ್ಕಳು ಸೇರಿ ನಗುತ್ತಿದ್ದರು. ಚೀಲದೊಳಗೆ ನಿಂತವನಿಗೆ ತಿರುಗಿ ಹೋಗಲೂ ಜಾಗವಿರುವುದಿಲ್ಲ.

ಅದರಿಂದ ಪಾರಾಗಲು ನನಗೆ ಸಿಕ್ಕಿದ್ದು ಸೋದರಮಾವ ಬಿಟ್ಟುಹೋದ ಸೈಕಲ್ಲು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಯ ಮಾತು. ದಿಬ್ಬ ಬಂದರೆ ಜನರೇ ಇಳಿದು ತಳ್ಳುತ್ತಿದ್ದರು. ಸವಣೂರಿನ ವೀಳ್ಯದೆಲೆ ಹಾನಗಲ್ಲಿಗೆ, ತಿಳವಳ್ಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಸೈಕಲ್ಲಿದ್ದ ಹುಡುಗರು ಎಲೆ ಒಯ್ಯಲು ಶುರು ಮಾಡಿದರು, ನಾನೂ ಮಾಡಿದೆ. ನಸುಕಿನಲ್ಲಿ ತೋಟದಿಂದ ಎಲೆ ಎತ್ತಿ, ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಪೆಂಡಿ ಕಟ್ಟಿ, ಕ್ಯಾರಿಯರಿಗೆ ಬಿಗಿದು ಹೊರಟರೆ ಬಿಸಿಲೇರುವ ಮೊದಲು ಸಂತೆ ಮುಟ್ಟಬೇಕು. ತಡವಾದರೆ ಎಲೆ ಬಾಡುತ್ತದೆ, ಬಾಡಿದ ಎಲೆಯನ್ನು ದನವೂ ಮೂಸುವುದಿಲ್ಲ. ಈ ಕೆಲಸ ಕೈಹಿಡಿದರೆ ಅಣ್ಣನ ಮನೆಯಲ್ಲಿ ಚೀಲಕ್ಕಿಳಿಯುವುದು ತಪ್ಪುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದುದು.

ಆದರೆ ಸೈಕಲ್ಲು ನಡೆಯಗೊಡಲಿಲ್ಲ. ವಾರದಲ್ಲಿ ಒಮ್ಮೆಯಾದರೂ ಟ್ಯೂಬು ಹೋಗುತ್ತಿತ್ತು, ರಿಮ್ಮು ಸೊಟ್ಟಗಾಗುತ್ತಿತ್ತು. ಮೈಲಿಗಟ್ಟಲೆ ತಳ್ಳಿಕೊಂಡು ಹೋಗಿ ಸಂತೆ ಮುಟ್ಟುವಷ್ಟರಲ್ಲಿ ಎಲೆ ಜೋತುಬಿದ್ದಿರುತ್ತಿತ್ತು. ಶಿಗ್ಗಾವಿಯ ಸೈಕಲ್ ಅಂಗಡಿಯವನು ಪ್ರತಿ ಸಲ ಗಾಲಿ ನೆಟ್ಟಗೆ ಮಾಡಿ, ಗಾಳಿ ತುಂಬಿ, ಹೆಬ್ಬೆಟ್ಟಿನಿಂದ ಟಾಯರು ಒತ್ತಿ ನೋಡುತ್ತಿದ್ದ. ಗಟ್ಟಿ ಅನ್ನಿಸಿದರೆ ಮತ್ತೆ ಒಂದಿಷ್ಟು ಗಾಳಿ ಬಿಟ್ಟುಬಿಡುತ್ತಿದ್ದ. ಬೇರೆಯವರಿಗೆ ಹೀಗೆ ಮಾಡುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಚಿಕ್ಕ ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ ಹೇಳಿದ:

“ಗಚ್ಚ ತುಂಬಿದ ಅಂಡಿಗಿ ಮ್ಯಾಲ ನೀವು ಜಿಗದ್ರ ಏನಾಕ್ಕೈತ್ರಿ? ಹೊಲಿಗಿ ಬಿಚ್ಚತೈತಿ. ಇದೂ ಹಂಗ. ನಿಮ್ಮಂಥ ಭಾರಿ ಮನಷ್ಯಾಗ ಗಾಳಿ ಮೆತ್ತಗ ಇರಬೇಕ್ರಿ.”

ನಾನು ನಂಬಿದೆ. ನಂಬದೆ ಏನು ಮಾಡಲಿ? ನನ್ನ ಕಾಲಡಿಯಲ್ಲೇ ಅಂಡಿಗೆಗಳ ಹೊಲಿಗೆ ಹರಿದದ್ದನ್ನು ಕಂಡವನು ನಾನು. ಅತಿಯಾಗಿ ತುಂಬಿದ ಚೀಲದ ಮೇಲೆ ಭಾರ ಬಿದ್ದರೆ ಹರಿಯುತ್ತದೆ ಎಂದು ಹತ್ತಿ ಬೆಳೆಯುವ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದಾರಿಯಲ್ಲಿ ಪಂಪು ಹೊಡೆಯುವಾಗಲೂ ಹೆಬ್ಬೆಟ್ಟು ಒಳಗೆ ಹೋಗುವಷ್ಟು ಮೆತ್ತಗೆ ಇದ್ದರೇ ನನಗೆ ಸಮಾಧಾನ. ಟ್ಯೂಬು ಬಿಚ್ಚಿದರೆ ಯಾವಾಗಲೂ ಅಕ್ಕಪಕ್ಕದಲ್ಲಿ ಜೋಡಿ ತೂತು. ಮುಳ್ಳು ಒಂದೇ ತೂತು ಮಾಡುತ್ತದಲ್ಲ, ಇದು ಯಾಕೆ ಎರಡು ಎಂದು ಆ ಮಹರಾಯನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಯೋಚಿಸಬೇಕಾದ ಜಾಗದಲ್ಲಿ ನನ್ನ ಮೈ ಕೂತಿತ್ತು.

ಸಂಕ್ರಾಂತಿ ಕಳೆದ ಮೇಲೆ, ಹತ್ತಿ ಒಡೆಯುತ್ತಿದ್ದ ಹೊತ್ತಿಗೆ, ಅಣ್ಣ ಒಂದು ಕರಾರು ಹಾಕಿದ. ಇನ್ನೊಂದು ಸಲ ಗಾಲಿ ಮುರಿಸಿಕೊಂಡು ಬಂದರೆ ಸೈಕಲ್ಲು ಮಾರಿ, ಈ ಎಲೆ ವ್ಯಾಪಾರದ ಹುಚ್ಚು ಬಿಟ್ಟು ಸುಮ್ಮನೆ ಮನೆಯಲ್ಲಿರಬೇಕು. ಮುರಿಯದಿದ್ದರೆ ನನ್ನ ದಾರಿಗೆ ಅವನು ಅಡ್ಡ ಬರುವುದಿಲ್ಲ. ಊರ ಹಿರಿಯರಿಬ್ಬರು ಕಟ್ಟೆಯ ಮೇಲಿದ್ದಾಗಲೇ ಹೇಳಿದ. ಅವರು ನಗುನಗುತ್ತಲೇ ಒಪ್ಪಿದರು, ಫಲ ಏನೆಂದು ಅವರಿಗೆ ಗೊತ್ತೇ ಇತ್ತಲ್ಲ.

ಅದಾದ ಕೆಲವೇ ದಿನಗಳಲ್ಲಿ ಹಾನಗಲ್ಲಿನ ದಾರಿಯಲ್ಲಿ ಹಿಂದಿನ ಟ್ಯೂಬು ಹೋಯಿತು. ರಿಮ್ಮು ಹೇಗೋ ಉಳಿದಿತ್ತು. ಬೇವಿನ ಮರದ ಕೆಳಗೆ ಪೆಂಡಿ ಇಳಿಸಿ, ಟ್ಯೂಬಿಗೆ ತೇಪೆ ಹಾಕಿ ಕೂತಿದ್ದೆ. ಒಂದು ಗಾಡಿ ಬಂತು, ಮದುವೆಗೆ ಹೊರಟವರು, ಮೈತುಂಬ ಹೊಸ ಬಟ್ಟೆ. ಗಾಡಿಯಲ್ಲಿದ್ದ ರುಮಾಲಿನವನೊಬ್ಬ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋಗು, ಅದಕ್ಕೂ ಪುಣ್ಯ ನಿನಗೂ ಪುಣ್ಯ ಎಂದ. ಗಾಡಿಗೆ ಗಾಡಿಯೇ ನಕ್ಕಿತು. ನಾನೂ ನಕ್ಕೆ. ನನಗೆ ಇವತ್ತಿಗೂ ಮೈಯುರಿಯುವುದು ಅವನ ಮಾತಿಗಲ್ಲ, ನನ್ನ ಆ ನಗುವಿಗೆ.

ಗಾಡಿ ಮುಂದೆ ಹೋದ ಮೇಲೆ ಪಂಪು ಹಿಡಿದೆ. ಎಂದಿನ ಹಾಗೆ ಲೆಕ್ಕ ಹಾಕಿ ಹೊಡೆಯಲಿಲ್ಲ. ಒಡೆದುಹೋಗಲಿ ಎಂದು ಹೊಡೆದೆ. ಸೈಕಲ್ಲೂ ಬೇಡ, ಎಲೆಯೂ ಬೇಡ, ಢಂ ಎಂದು ಒಡೆದರೆ ಎಲ್ಲವೂ ಇವತ್ತಿಗೇ ಮುಗಿಯಲಿ. ಪಂಪು ಕೈ ಸುಡುವಷ್ಟು ಕಾಯಿತು. ಅಣ್ಣನಿಗೊಂದು, ರುಮಾಲಿನವನಿಗೊಂದು, ಅಂಗಡಿಯವನಿಗೊಂದು ಎಂದು ಹೊಡೆಯುತ್ತ ಹೋದೆ. ಹಿಂದಿನದಾಯಿತು, ಮುಂದಿನದಕ್ಕೂ ಹೊಡೆದೆ. ಟಾಯರು ಕಲ್ಲಿನ ಹಾಗಾಯಿತು, ಹೆಬ್ಬೆಟ್ಟು ಒಂದಿಷ್ಟೂ ಒಳಗೆ ಹೋಗಲೊಲ್ಲದು. ಪೆಂಡಿ ಬಿಗಿದು, ಸೀಟಿನ ಮೇಲೆ ಬೇಕೆಂತಲೇ ದೊಪ್ಪನೆ ಕೂತೆ, ಕಣ್ಣು ಮುಚ್ಚಿಕೊಂಡು.

ಏನೂ ಆಗಲಿಲ್ಲ. ಪೆಡಲು ತುಳಿದೆ. ಸೈಕಲ್ಲು ಹೊರಟಿತು, ಅಷ್ಟೇ ಅಲ್ಲ, ಓಡಿತು. ಅಲ್ಲಿಯವರೆಗೆ ನಾನು ಕೆಸರಿನಲ್ಲಿ ಗಾಡಿ ಎಳೆಯುವ ಎತ್ತಿನ ಹಾಗೆ ತುಳಿದಿದ್ದೆ, ಸೈಕಲ್ ಸವಾರಿ ಎಂದರೆ ಇದೇ ಎಂದುಕೊಂಡಿದ್ದೆ. ಈಗ ಕಲ್ಲು ಬಂದರೆ ಗಾಲಿ ಅದರ ಮೇಲೆ ಪುಟಿದು ದಾಟುತ್ತಿತ್ತು. ಕುಂಡೆಗೆ ಪೆಟ್ಟು ಬೀಳುತ್ತಿತ್ತು, ಬೀಳಲಿ, ರಿಮ್ಮಿಗೆ ಬೀಳುತ್ತಿರಲಿಲ್ಲ. ದಾರಿಯಲ್ಲೇ ತಿಳಿಯಿತು: ಗಾಳಿ ಕಡಿಮೆಯಾದದ್ದರಿಂದಲೇ ಟಾಯರು ನನ್ನ ಭಾರಕ್ಕೆ ಕುಸಿದು, ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚಿಗೂ ನಡುವೆ ಸಿಕ್ಕು ಜಜ್ಜುತ್ತಿತ್ತು. ಜೋಡಿ ತೂತಿನ ಗುಟ್ಟು ಇಷ್ಟೇ. ಭಾರದವನಿಗೆ ಗಾಳಿ ಹೆಚ್ಚು ಬೇಕು, ಕಡಿಮೆಯಲ್ಲ. ಮದುವೆಯ ಗಾಡಿಯನ್ನು ಹಾನಗಲ್ಲಿಗೆ ಬಹಳ ಮುಂಚೆಯೇ ದಾಟಿದೆ. ತಿರುಗಿ ನೋಡಲಿಲ್ಲ, ಗಂಟೆಯನ್ನು ಮಾತ್ರ ಚೆನ್ನಾಗಿ ಬಾರಿಸಿದೆ. ಸಂತೆಯಲ್ಲಿ ಪೆಂಡಿ ಬಿಚ್ಚಿದಾಗ ಎಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಮುಂದಿನ ವಾರಗಳಲ್ಲಿ ತಿಳವಳ್ಳಿಗೆ ಹೋಗಿಬಂದೆ, ಹಿರೇಕೆರೂರಿನ ಸಂತೆಗೂ ಹೋಗಿಬಂದೆ. ಗಾಲಿಗೆ ಏನೂ ಆಗಲಿಲ್ಲ. ಶಿಗ್ಗಾವಿಯ ಅಂಗಡಿಯವನಿಗೆ ಟಾಯರು ಒತ್ತಿ ನೋಡು ಎಂದೆ. ಅವನು ಒತ್ತಿ, ಬೆಂಕಿ ಮುಟ್ಟಿದ ಹಾಗೆ ಕೈ ತೆಗೆದು, ಅದನ್ನು ಅಂಗಡಿಯಿಂದ ಆಚೆ ನಿಲ್ಲಿಸಿರಿ, ಒಡೆದರೆ ಮಂದಿಗೆ ಪೆಟ್ಟಾದೀತು ಎಂದ. ಇಷ್ಟು ದಿನ ಒಡೆದಿಲ್ಲವಲ್ಲ ಎಂದರೆ, ರಸ್ತೆ ಸುಧಾರಿಸಿರಬೇಕು, ಇಲ್ಲವೆ ನೀವು ಬಡವಾಗಿರಬೇಕು ಎಂದ. ನನ್ನ ತೂಕ ಒಂದು ತೊಲದಷ್ಟೂ ಇಳಿದಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಒಪ್ಪದವನ ಹತ್ತಿರ ಇನ್ನೇನು ಮಾತು ಎಂದು ಬಂದುಬಿಟ್ಟೆ.

ಅಣ್ಣನಾದರೂ ಕಂಡದ್ದನ್ನು ಒಪ್ಪಬೇಕಲ್ಲ, ಕರಾರು ಅವನದೇ ಬಾಯಿಂದ ಬಂದದ್ದು. ಹತ್ತಿ ಮನೆಗೆ ಬಂತು. ಒಂದು ಸಂಜೆ ಸವಣೂರಿಗೆ ಹೊರಡಲೆಂದು ಸೈಕಲ್ಲು ಹೊರಗೆ ತೆಗೆದಾಗ ಪಡಸಾಲೆಯ ತೊಲೆಗೆ ಅಂಡಿಗೆ ಕಟ್ಟಿಯಾಗಿತ್ತು, ಬಾಯಿ ತೆರೆದುಕೊಂಡು ತೂಗಾಡುತ್ತಿತ್ತು. ಅಣ್ಣ ಸೈಕಲ್ಲು ಒಳಗಿಡು ಎಂದ. ಗಾಲಿ ಮುರಿದಿಲ್ಲ, ಮುರಿಯುವುದೂ ಇಲ್ಲ ಎಂದು ನಾನು ಸಂಭ್ರಮದಿಂದಲೇ ಹೇಳಿದೆ. ಗಾಳಿಯ ವಿಷಯ ವಿವರಿಸತೊಡಗಿದೆ, ಬಗ್ಗಿ ಟಾಯರು ಒತ್ತಿಯೂ ತೋರಿಸಿದೆ. ಅವನು ಟಾಯರಿನ ಕಡೆ ನೋಡಲೂ ಇಲ್ಲ.

“ಗಾಲಿ ಮುರೀತೈತೋ ಬಿಡತೈತೋ ಅದನ್ನ ಯಾರ್ ಕೇಳ್ಯಾರ? ನೀ ಹ್ವಾದ್ರ ಅಂಡಿಗಿ ತುಳಿಯಾವ್ರು ಯಾರು?”

ನನ್ನ ಕೈ ಟಾಯರಿನ ಮೇಲೆಯೇ ಇತ್ತು. ಗಾಲಿ ನನ್ನ ಭಾರಕ್ಕೆ ಮುರಿಯುತ್ತದೆ ಎಂದು ಅವನು ಚಿಂತಿಸಿರಲೇ ಇಲ್ಲ, ಮುರಿಯಲಿ ಎಂದು ಕಾದಿದ್ದ. ಉಣ್ಣುವಾಗ ಇರಿಯುತ್ತಿದ್ದ ಮಾತು, ಕಟ್ಟೆಯ ಮೇಲಿನ ನಗೆ, ಎಲ್ಲದರ ಬುಡ ಒಂದೇ. ನಾನು ಬೇರೆ ಯಾವ ಕೆಲಸಕ್ಕೂ ಬಾರದವನೆಂದು ನನಗೇ ಅನ್ನಿಸಬೇಕಿತ್ತು, ಅನ್ನಿಸಿದರೆ ತಾನೇ ಸುಗ್ಗಿಗೆ ಸುಮ್ಮನೆ ಚೀಲಕ್ಕಿಳಿಯುವುದು? ಹನ್ನೊಂದು ತಿಂಗಳು ಈ ಮೈ ಮನೆಗೆ ಹೊರೆ. ಹನ್ನೆರಡನೆಯ ತಿಂಗಳು ಅದೇ ಮೈ ಇಲ್ಲದೆ ಮನೆ ನಡೆಯುವುದಿಲ್ಲ. ಆ ಕ್ಷಣ ಅವನನ್ನು ಹೊಡೆಯಬೇಕೆನ್ನಿಸಿತು. ನಾನು ಹೊಡೆದಿದ್ದರೆ ಅವನು ಏಳುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನೀನೇ ಇಳಿ ಎಂದಷ್ಟೇ ಹೇಳಿ ಸೈಕಲ್ಲು ಹತ್ತಿದೆ.

ಸವಣೂರಿನಲ್ಲಿ ಎಲೆ ತೋಟದವರ ಹಿತ್ತಲಲ್ಲಿ ಒಂದು ಕೋಣೆ ಸಿಕ್ಕಿತು. ಆ ಸುಗ್ಗಿಯಲ್ಲಿ ಮನೆಯಲ್ಲಿ ಆಳುಗಳನ್ನಿಟ್ಟು ತುಳಿಸಿದರಂತೆ, ಅಂಡಿಗೆ ಗಟ್ಟಿಯಾಗಲಿಲ್ಲವಂತೆ. ಅಣ್ಣ ಅವರಿವರ ಕೈಲಿ ಹೇಳಿಕಳಿಸಿದ, ನಾನು ಹೋಗಲಿಲ್ಲ. ಕೊನೆಗೆ ಅವ್ವನನ್ನೇ ಗಾಡಿ ಹತ್ತಿಸಿ ಕಳಿಸಿದ. ಅವ್ವ ಕೋಣೆಯ ಹೊಸ್ತಿಲ ಮೇಲೆ ಕೂತು ನೀರು ಕುಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅವಳು ಹೇಳಿದ್ದು ಬೇರೆ.

“ಕರಕೊಂಡ ಬಾ ಅಂತ ಕಳಿಸ್ಯಾನ. ನೀ ಬರಬ್ಯಾಡ. ಹತ್ತಿ ತುಳದ್ ಬಂದ ರಾತ್ರಿ ನೀ ಹೆಂಗ ಕೆಮ್ಮತಿದ್ದಿ ಅಂತ ಗ್ವಾಡಿ ಆಚಿ ಮಲಕ್ಕೊಂಡ ನಾ ಕೇಳೇನಿ.”

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ಸುಗ್ಗಿ ಗೋಡೆಯ ಆಚೆ ಮಲಗಿ ಕೇಳಿಸಿಕೊಂಡವಳು ಒಂದೇ ಒಂದು ಬೆಳಗ್ಗೆ ಅದನ್ನು ಅಣ್ಣನ ಮುಂದೆ ಹೇಳಿದ್ದರೆ ಸಾಕಾಗಿತ್ತು. ಇಷ್ಟು ದೂರ ಗಾಡಿಯಲ್ಲಿ ಬಂದು ನನಗೆ ಹೇಳಿದಳು, ನನಗೆ ಗೊತ್ತಿರಲಿಲ್ಲವೇ? ಅವಳಿಗೆ ಇದನ್ನು ಹೇಳಬೇಕೆಂದು ಬಾಯಿಗೆ ಬಂತು, ಹೇಳಲಿಲ್ಲ. ಗಾಡಿಯ ತನಕ ಹೋಗಿ, ಅವಳನ್ನು ಎರಡೂ ಕೈಯಿಂದ ಎತ್ತಿ ಕೂರಿಸಿದೆ. ಅವಳೂ ನನ್ನಷ್ಟೇ ಭಾರವಿದ್ದಳು.