ಆಂಟೆನಾದ ಕಲ್ಲು ಬಿಚ್ಚಿದವರು

ರೇಡಿಯೋ ಮೇಷ್ಟ್ರ ಮೇಲ್ತುಟಿಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಕಲೆಯಿತ್ತು. ಮೀಸೆ ಅಲ್ಲಿ ಬೆಳೆಯುತ್ತಿರಲಿಲ್ಲ. ಹರೆಯದಲ್ಲಿ ಬಾಲನ್ ಎಂಬ ಕೇಬಲ್ ಸುರುಳಿ ಹಾಕದೆ ಆಂಟೆನಾ ಕಟ್ಟಿ, ಮಾತಾಡುವಾಗ ಲೋಹದ ಮೈಕಿಗೆ ತುಟಿ ತಾಗಿ ಸುಟ್ಟ ಗುರುತು ಅದು. ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಿದ್ದರು.

"ಆಂಟೆನಾಗೆ ಎರಡು ರೆಕ್ಕೆ ಕಣೋ. ಎರಡಕ್ಕೂ ಸಮ ಕೊಡಬೇಕು. ಮಧ್ಯದಲ್ಲಿ ಬಾಲನ್ ಇಲ್ದಿದ್ರೆ ಕೇಬಲ್ಲೇ ಮೂರನೇ ರೆಕ್ಕೆ ಆಯ್ತದೆ. ಅದ್ರ ತುದಿ ಎಲ್ಲೈತೆ ಹೇಳು? ನಿನ್ನ ಬಾಯಲ್ಲೈತೆ."

ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದ ಅವರು ಅರಸೀಕೆರೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹವ್ಯಾಸಿ ರೇಡಿಯೋ ಕಲಿಸುತ್ತಿದ್ದರು. ನಾನು ಭೌತಶಾಸ್ತ್ರ ಓದಿದವನು; ಬಾಲನ್ನಿನ ಲೆಕ್ಕ ಗೊತ್ತಿತ್ತು, ಮಾಡಲು ಬರುತ್ತಿರಲಿಲ್ಲ. ಪೈಪಿನ ತುಂಡಿಗೆ ಕೇಬಲ್ ಸುತ್ತಿ ಒಯ್ದರೆ ಕಣ್ಣು ಮುಚ್ಚಿ ಬೆರಳಲ್ಲಿ ಸವರುತ್ತಿದ್ದರು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ಪೂರಾ ಬಿಚ್ಚಿಸುತ್ತಿದ್ದರು. "ಎಂಎಸ್ಸಿಯವ್ರೇ, ಮತ್ತೆ ಸುತ್ತಿ."

ತೆಂಗಿನ ಮರಕ್ಕೆ ಆಂಟೆನಾ ಕಟ್ಟುವಾಗ ಹಗ್ಗವನ್ನು ಮರಕ್ಕೇ ಬಿಗಿಯುತ್ತಿರಲಿಲ್ಲ. ರಾಟೆಯ ಮೇಲೆ ಹಾಯಿಸಿ, ತುದಿಗೊಂದು ಕಲ್ಲು ತೂಗುಬಿಡುತ್ತಿದ್ದರು. ಗಾಳಿಗೆ ಮರ ಬಾಗಿದರೆ ಕಲ್ಲು ಮೇಲೇರುತ್ತದೆ, ತಂತಿ ಹರಿಯುವುದಿಲ್ಲ.

ಹಳೇಬೀಡಿನ ಹತ್ತಿರದ ಒಂದು ಮೈದಾನದಲ್ಲಿ, ವಿಪತ್ತಿನ ಸಮಯದಲ್ಲಿ ರೇಡಿಯೋ ಬಳಸುವ ಪ್ರಾತ್ಯಕ್ಷಿಕೆ ಇತ್ತು. ಅದರ ಸಂಚಾಲಕರೇ ಕಾಲೇಜಿನಲ್ಲಿ ನನ್ನ ಮೇಲಿನವರು. ನಾನು ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಇರಬೇಕೋ ಬೇಡವೋ ಎನ್ನುವುದು ಅವರ ಕೈಯಲ್ಲಿತ್ತು. ಮೇಷ್ಟ್ರು ಬೆಳಿಗ್ಗೆಯೇ ಕರೆಂಟ್ ಲೈನಿನಿಂದ ದೂರದ ಎರಡು ಮರಗಳಿಗೆ ಆಂಟೆನಾ ಏರಿಸಿ, ಕಲ್ಲು ತೂಗುಬಿಟ್ಟು ತಿಂಡಿಗೆ ಹೋದರು.

ಸಂಚಾಲಕರು ಬಂದು ನೋಡಿದರು. "ಏನ್ರೀ ಇದು, ಏತದ ಥರ ಕಲ್ಲು? ಫೋಟೋದಲ್ಲಿ ಅಸಹ್ಯವಾಗಿ ಬರುತ್ತೆ. ಬಿಚ್ಚಿ. ಈ ತುದೀನ ವೇದಿಕೆ ಪಕ್ಕದ ಮರಕ್ಕೆ ಎಳೆದು ಕಟ್ಟಿ."

"ಸರ್, ಅಲ್ಲಿ ಲೈನ್ ಹತ್ತಿರ..."

"ಮುದುಕನ ಭಯ ನಿಮಗೂ ಅಂಟಿತಾ?"

ಮರ ಹತ್ತಿದವನು ಎಳನೀರು ಕೀಳುವವನು. ಕೆಳಗೆ ನಿಂತು ಹಗ್ಗ ಜಗ್ಗಿ ಬಿಗಿದವನು ನಾನು.

ಮೇಷ್ಟ್ರು ಮರಳಿದಾಗ ಕಾರ್ಯಕ್ರಮ ಶುರುವಾಗಿತ್ತು. ನಾನು ವೇದಿಕೆಯ ಮೇಲೆ ರೇಡಿಯೋ ಸೆಟ್ಟಿನ ಮೈಕ್ ಹಿಡಿದು ಬೇಲೂರಿನ ಗೆಳೆಯನನ್ನು ಕರೆಯುತ್ತಿದ್ದೆ. ಗಾಳಿ ಎದ್ದಿತು. ಅವರು ಕಲ್ಲು ತೂಗುತ್ತಿದ್ದ ಜಾಗ ನೋಡಿದರು, ಆಮೇಲೆ ವೇದಿಕೆ ಪಕ್ಕದ ಮರದ ತುದಿ ನೋಡಿದರು. "ಬಿಡ್ಲಾ ಮೈಕು!" ಎಂದು ಕೂಗುತ್ತ ಮೆಟ್ಟಿಲು ಹತ್ತಿ ಬಂದು ಭುಜದಿಂದ ಗುದ್ದಿದರು. ಇಬ್ಬರೂ ವೇದಿಕೆಯಿಂದ ಕೆಳಗೆ ಬಿದ್ದೆವು. ಅಷ್ಟರಲ್ಲಿ ತಂತಿ ಹರಿದು ಲೈನಿನ ಮೇಲೆ ಬಿತ್ತು. ನೀಲಿ ಬೆಳಕು ಚಿಮ್ಮಿ ಸೆಟ್ ಸಿಡಿಯಿತು. ನಾನು ಕೈಬಿಟ್ಟಿದ್ದ ಮೈಕು ಹೊಗೆಯಾಡುತ್ತಿತ್ತು. ಆ ನೀಲಿ ಬೆಳಕು ಇವತ್ತಿಗೂ ಪಾಠದ ನಡುವೆ ಕಣ್ಣೆದುರು ಬರುತ್ತದೆ. ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಅಳಿಸಿ ಮತ್ತೆ ಬರೆಯುತ್ತೇನೆ.

ನನಗೆ ಮೊಣಕೈ ತರಚಿತ್ತು. ಅವರ ಸೊಂಟದ ಮೂಳೆ ಮುರಿದಿತ್ತು.

ವಾರದೊಳಗೆ ಸಂಚಾಲಕರು ವರದಿ ಬರೆಸಿದರು: ಆಂಟೆನಾ ಕಟ್ಟಿದವರ ಅಜಾಗರೂಕತೆಯಿಂದ ಅವಘಡ. ಸಾಕ್ಷಿಯಾಗಿ ನನ್ನ ಸಹಿ. ಅದರ ಪ್ರತಿ ಮೇಷ್ಟ್ರಿಗೂ ಹೋಗಿತ್ತು. ನೋಡಲು ಹೋದಾಗ ಅದು ಹಾಸಿಗೆಯ ಮೇಲಿತ್ತು.

"ಓದಿ ಸೈನ್ ಹಾಕಿದ್ಯಾ, ಓದ್ದೆ ಹಾಕಿದ್ಯಾ?"

"ಓದೇ ಹಾಕಿದೆ."

"ಹೂಂ. ನನ್ನತ್ರನಾದ್ರೂ ಸುಳ್ಳು ಹೇಳ್ಲಿಲ್ಲ." ಆಮೇಲೆ ಗೋಡೆಯ ಕಡೆ ಮುಖ ಮಾಡಿದರು.

ಅವರು ಮತ್ತೆ ಎದ್ದು ಓಡಾಡಲಿಲ್ಲ. ಕೆಲವು ತಿಂಗಳಿಗೆ ತೀರಿಕೊಂಡರು. ಸಂತಾಪ ಸಭೆಯಲ್ಲಿ ಸಂಚಾಲಕರು, "ಕೊಂಚ ಅಜಾಗರೂಕರು, ಆದರೂ ಒಳ್ಳೆಯ ಮನುಷ್ಯ" ಎಂದರು. ಒಂದು ಸುತ್ತು ಹತ್ತಿದರೆ ಪೂರಾ ಬಿಚ್ಚಿಸುತ್ತಿದ್ದವರು ಅಜಾಗರೂಕರು! ಎದ್ದು ನಿಂತು ಹೇಳಬೇಕಿತ್ತು. ಆದರೂ ಮೂರನೇ ಸಾಲಿನಲ್ಲಿ ಕುಳಿತೇ ಇದ್ದೆ. ನನ್ನ ಕೆಲಸ ಉಳಿದಿದೆ. ಸಂಚಾಲಕರ ಮೇಲೆ ಎಷ್ಟು ಸಿಟ್ಟಿದೆಯೋ, ಮೂರನೇ ಸಾಲಿನ ಆ ಕುರ್ಚಿಯಲ್ಲಿ ಕುಳಿತವನ ಮೇಲೆ ಅದಕ್ಕಿಂತ ಹೆಚ್ಚಿದೆ.

ಈ ಬರಹಕ್ಕೂ ಓದಿಯೇ ಸಹಿ ಹಾಕುತ್ತಿದ್ದೇನೆ. ಮೇಷ್ಟ್ರು ಕಟ್ಟಿದ ಆಂಟೆನಾ ಸರಿಯಾಗಿತ್ತು. ಕಲ್ಲು ಬಿಚ್ಚಿಸಿದವರು ಸಂಚಾಲಕರು. ಹಗ್ಗ ಬಿಗಿದವನು ನಾನು.