ಬಾಣಕ್ಕೆ ಎದುರಾಗಿ ನಡೆಯುವ ಗುನ್ವೊರ್

ನವೆಂಬರಿನ ಬೆಳಗ್ಗೆ ಏಳು ಗಂಟೆ. ಟಾಲ್‌ವಿಕ್ ಊರಿಗೆ ಇನ್ನೂ ಬೆಳಕು ಹರಿದಿಲ್ಲ, ಸದ್ಯಕ್ಕೆ ಹರಿಯುವ ಲಕ್ಷಣವೂ ಕಾಣುತ್ತಿಲ್ಲ. ಊರಂಚಿನ ಪೈನ್ ಕಾಡಿನೊಳಗೆ ಮಾತ್ರ ಕಂಬದ ದೀಪಗಳು ಸಾಲಾಗಿ ಉರಿಯುತ್ತಿವೆ. ಅವುಗಳ ಕೆಳಗೆ ಗುನ್ವೊರ್ ಹೆಡ್‌ಲುಂಡ್ ಒಂಟಿಗಾಲಿಯ ತಳ್ಳುಗಾಡಿ ನೂಕಿಕೊಂಡು ಬರುತ್ತಿದ್ದಾರೆ. ಗಾಡಿ ತುಂಬ ಮರದ ಹೊಟ್ಟು, ಅದರ ಮೇಲೆ ಉದ್ದ ಹಿಡಿಯ ಹಲ್ಲಿನ ಗೋರು. ತಗ್ಗಿನಲ್ಲಿ ನೀರು ನಿಂತ ಕಡೆ ಗಾಡಿ ಮಗುಚುತ್ತಾರೆ, ಗೋರಿನಿಂದ ಹರಡುತ್ತಾರೆ, ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡುತ್ತಾರೆ. ಉಣ್ಣೆಯ ಟೋಪಿ ಹಾಕಿಕೊಂಡ ಮುದುಕರೊಬ್ಬರು ಎದುರಿನಿಂದ ಬಿರಬಿರನೆ ನಡೆದು ಬರುತ್ತಾರೆ.

"ಹೇಯ್" ಅನ್ನುತ್ತಾರೆ ಗುನ್ವೊರ್.

"ಹೇಯ್" ಅನ್ನುತ್ತಾರೆ ಮುದುಕರು, ಮತ್ತು ನಡೆದೇ ಹೋಗುತ್ತಾರೆ.

ಇದು ಇಲ್ಲಿನ ನಮಸ್ಕಾರ. ಇದನ್ನು ಎಲ್ಲೆಂದರಲ್ಲಿ ಖರ್ಚು ಮಾಡುವಂತಿಲ್ಲ. ಇಪ್ಪತ್ತು ವರ್ಷದಿಂದ ಈ ಸ್ವೀಡನ್ನಿನ ಊರಲ್ಲಿದ್ದೇನೆ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ಹೇಯ್ ಅಂದರೆ, ಪಾಪ, ಅವರು ಕಿಟಕಿಯಾಚೆ ಏನೋ ಬಿದ್ದುಹೋದ ಹಾಗೆ ಆ ಕಡೆಗೇ ನೋಡುತ್ತಾರೆ. ಅದೇ ಮನುಷ್ಯರು ಕಾಡಿನಲ್ಲಿ ಎದುರಾದಾಗ ನಾವು ಹೇಯ್ ಅನ್ನದೆ ಹೋದೆವೋ, ಮನೆಗೆ ಹೋಗಿ ಅದನ್ನೇ ಹೇಳಿಕೊಂಡು ಕೊರಗುತ್ತಾರೆ. ಮರಗಳ ನಡುವೆ ಬಂದಾಗ ಮಾತ್ರ ಈ ಜನಕ್ಕೆ ಬಾಯಿ ಬರುತ್ತದೆ.

ಆದರೆ ಈ ದೀಪದ ಜಾಡಿನಲ್ಲಿ ಒಂದು ತೊಡಕಿದೆ. ಇದು ಮೂರು ಕಿಲೋಮೀಟರಿನ ಸುತ್ತುದಾರಿ. ಶುರುವಿನಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಬಲಕ್ಕೆ ತಿರುಗಿದ ಬಾಣ. ಬಾಣ ಇದೆ ಅಂದಮೇಲೆ ಮುಗಿಯಿತು, ಎಲ್ಲರೂ ಬಲಕ್ಕೇ ಹೋಗುತ್ತಾರೆ. ಎಡಕ್ಕೆ ಹೋಗಬಾರದೆಂದು ಯಾವ ಕಾನೂನೂ ಇಲ್ಲ, ಆದರೂ ಯಾರೂ ಹೋಗುವುದಿಲ್ಲ. ಎಲ್ಲರೂ ಒಂದೇ ಕಡೆ ನಡೆದರೆ ಯಾರು ಯಾರಿಗೆ ಎದುರಾಗಬೇಕು? ಒಬ್ಬರ ಬೆನ್ನು ನೋಡಿಕೊಂಡು ಇನ್ನೊಬ್ಬರು ವರ್ಷಗಟ್ಟಲೆ ಸುತ್ತುತ್ತಾರೆ. ಟೋಪಿಯ ಮುದುಕರು ಸಿಕ್ಸ್‌ಟೆನ್, ಹಿಂದೆ ಬಸ್ ಓಡಿಸುತ್ತಿದ್ದವರು. ಅವರು ಹೇಳುವುದನ್ನು ಕೇಳಿ: "ನನ್ನ ಮುಂದೆ ದಿನಾ ಒಂದು ಕೆಂಪು ಜಾಕೆಟ್ಟು ಹೋಗುತ್ತೆ. ಗಂಡಸೋ ಹೆಂಗಸೋ ಗೊತ್ತಿಲ್ಲ. ಬೆನ್ನು ಮಾತ್ರ ನನ್ನ ಹೆಂಡ್ತಿ ಬೆನ್ನಿಗಿಂತ ಚೆನ್ನಾಗಿ ಗೊತ್ತು."

ಗುನ್ವೊರ್ ಒಬ್ಬರೇ ಬಾಣಕ್ಕೆ ಎದುರಾಗಿ ಬರುತ್ತಾರೆ. ಹಾಗಾಗಿ ಜಾಡಿಗೆ ಬಂದ ಪ್ರತಿಯೊಬ್ಬರಿಗೂ ಬೆಳಗ್ಗೆ ಒಂದು ಹೇಯ್ ಸಿಕ್ಕೇ ಸಿಗುತ್ತದೆ. ಊರಿನ ಉದ್ಯಾನ ವಿಭಾಗದ ಕೆಲಸದವರು ಅವರು. ವಯಸ್ಸು ಅರವತ್ತು ದಾಟಿದೆ. ದಿನಕ್ಕೆ ಹತ್ತು ಹನ್ನೆರಡು ಗಾಡಿ ಹೊಟ್ಟು ಹರಡುತ್ತಾರೆ. ಬಿದ್ದ ಕೊಂಬೆ ಎಳೆದು ಹಾಕುತ್ತಾರೆ, ಮೇಲೆದ್ದ ಬೇರಿನ ಪಕ್ಕದ ಗುಂಡಿ ಮುಚ್ಚುತ್ತಾರೆ, ಕೊಳೆತ ಎಲೆ ಗೋರುತ್ತಾರೆ. ಎದುರು ದಿಕ್ಕು ಯಾಕೆ ಎಂದು ಕೇಳಿದೆ. ಇಲ್ಲಿ ಪುರಸಭೆಯ ಅಧ್ಯಕ್ಷರಿಗೂ ‘ನೀನು’ ಅನ್ನುವುದೇ ರೂಢಿ, ಅವರ ಮಾತನ್ನು ಇದ್ದ ಹಾಗೇ ಕೊಡುತ್ತಿದ್ದೇನೆ.

"ಹಿಂದಿನಿಂದ ಓಡಿ ಬರೋರು ನಂಗೆ ಕಾಣಲ್ಲ. ಎದುರು ಹೋದ್ರೆ ಕಾಣ್ತಾರೆ, ಗಾಡಿ ಪಕ್ಕಕ್ಕೆ ತಗೋತೀನಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ." ಇನ್ನೊಂದು ಗೋರು ಎಳೆದ ಮೇಲೆ, "ಮುಖಾನೂ ಕಾಣುತ್ತೆ" ಅನ್ನುತ್ತಾರೆ.

ಗುನ್ವೊರ್ ಮೊದಲು ಕಾಗದದ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿತು. ಆ ಚಳಿಗಾಲವಿಡೀ ಅಡುಗೆಮನೆಯ ಸೋಫಾದಲ್ಲಿ ಮಲಗಿಯೇ ಕಳೆದರಂತೆ. "ಏನೂ ಕಾಯಿಲೆ ಇರ್ಲಿಲ್ಲ. ಏಳೋಕೆ ಕಾರಣ ಇರ್ಲಿಲ್ಲ, ಅಷ್ಟೇ. ಅಕ್ಕ ಬಂದು ಬೂಟು ತಂದು ಎದೆ ಮೇಲಿಟ್ಳು. ‘ಹಾಕ್ಕೋತೀಯೋ, ನಾನೇ ಹಾಕ್ಲೋ’ ಅಂದ್ಳು. ಅವಳು ಬೂಟು ಹಾಕಿದ್ರೆ ಕಾಲು ಮುರೀತಾಳೆ ಅಂತ ನಾನೇ ಹಾಕ್ಕೊಂಡೆ." ಅಕ್ಕ ಕರೆದುಕೊಂಡು ಹೋದದ್ದು ಇದೇ ಜಾಡಿಗೆ. ಒಂದು ವಾರ ಬೈದುಕೊಂಡು ನಡೆದರು. ಆಮೇಲೆ ಬೈಯುವುದು ಮರೆತುಹೋಯಿತು, ರಾತ್ರಿ ನಿದ್ದೆ ಬರತೊಡಗಿತು. ವಸಂತದಲ್ಲಿ ಉದ್ಯಾನ ವಿಭಾಗದಲ್ಲಿ ಕೆಲಸ ಖಾಲಿಯಿದೆ ಎಂದು ಗೊತ್ತಾದಾಗ ಹೋಗಿ ಕೇಳಿದರು. ಈಗ ರಜೆಯ ದಿನ ನಡೆಯಲು ಹೋಗುತ್ತೀಯಾ ಅಂದರೆ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಭಾನುವಾರ ನಾನು ಸೋಫಾ ಮೇಲೆ ವ್ಯಾಯಾಮ ಮಾಡ್ತೀನಿ" ಅನ್ನುತ್ತಾರೆ.

ಈ ಜಾಡಿನವರಿಗೆ ತಮ್ಮದೇ ಒಂದು ಮಾತಿದೆ: ಗೋರು ಹಿಡಿಯುವುದು. ‘ಈವತ್ತು ನಾನು ಗೋರು ಹಿಡಿದೆ’ ಅಂದರೆ, ಈವತ್ತು ಸುತ್ತು ಮುಗಿಸಲು ಆಗಲಿಲ್ಲ, ಅರ್ಧಕ್ಕೆ ವಾಪಸ್ ಬಂದೆ ಎಂದರ್ಥ. ಈ ಮಾತು ಹುಟ್ಟಿದ್ದು ಪೆಟ್ರಾ ಅವರಿಂದ. ಹೆಸರು ಹಾಕಬಹುದೇ ಎಂದು ಕೇಳಿದೆ. "ಹಾಕು, ಊರಿಗೆಲ್ಲ ಗೊತ್ತಿರೋದೇ" ಅಂದರು.

ಪೆಟ್ರಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ತರಗತಿಯ ಬಾಗಿಲು ತೆಗೆಯಲು ಕೈ ಏಳಲಿಲ್ಲ. ಕೆಲಸದ ಒತ್ತಡದಲ್ಲಿ ಹೀಗೆ ಕುಸಿದವರನ್ನು ಇಲ್ಲಿ ‘ಗೋಡೆಗೆ ನಡೆದುಹೋದರು’ ಅನ್ನುತ್ತಾರೆ. "ಡಾಕ್ಟರು ಮಾತ್ರೆ ಬರೀತಾರೆ ಅಂದ್ಕೊಂಡಿದ್ದೆ. ‘ವಾರಕ್ಕೆ ನಾಲ್ಕು ದಿನ ಹೊರಗೆ ನಡಿ’ ಅಂತ ಬರೆದುಕೊಟ್ರು. ಔಷಧಿ ಬರೆಯೋ ಚೀಟಿ ಮೇಲೇನೇ."

ಚೀಟಿ ಹಿಡಿದುಕೊಂಡು ಜಾಡಿಗೆ ಬಂದರು. ನಾಲ್ಕನೇ ದೀಪದ ಕಂಬ ದಾಟುವಷ್ಟರಲ್ಲಿ ಎದೆ ಬಿಗಿಯಿತು. ಮುಂದೆ ಹೋಗಲಾಗದು. ವಾಪಸ್ ಬರಬೇಕೆಂದರೆ ಬಾಣಕ್ಕೆ ಎದುರಾಗಿ, ಅಷ್ಟೂ ಜನರ ಮುಖದ ಮುಂದೆ ಬರಬೇಕು. ಬೇರೆ ಯಾವ ಊರಿನವರಾದರೂ ತಿರುಗಿ ಬರುತ್ತಿದ್ದರು. ಪೆಟ್ರಾ ಸ್ಪ್ರೂಸ್ ಮರದ ಹಿಂದೆ ಅಡಗಿ ನಿಂತರು. ಎಲ್ಲರೂ ದಾಟಿ ಹೋಗಲಿ ಎಂದು ಕಾಯುತ್ತ, ಚಳಿಗೆ ನಡುಗುತ್ತ ನಿಂತರು.

ಗುನ್ವೊರ್ ಕಣ್ಣಿಗೆ ಮರದ ಹಿಂದಿನ ಜಾಕೆಟ್ಟು ಬಿತ್ತು. "ಮೊದಲ ದಿನ ಯಾರೋ ಉಚ್ಚೆಗೆ ಹೋಗಿದಾರೆ ಅಂತ ನೋಡದೆ ಬಂದೆ. ಮಾರನೇ ದಿನಾನೂ ಅದೇ ಮರ. ಅದರ ಮಾರನೇ ದಿನಾನೂ. ಇಷ್ಟೊಂದು ಉಚ್ಚೆ ಯಾರಿಗೂ ಬರಲ್ಲ ಅನ್ನಿಸ್ತು." ಗಾಡಿ ನಿಲ್ಲಿಸಿದರು. ಏನಾಯಿತು, ಯಾಕೆ ಇಲ್ಲಿ ನಿಂತಿದ್ದೀಯ ಎಂದು ಕೇಳಲಿಲ್ಲ. ಗೋರು ಚಾಚಿ, "ಇದನ್ನ ಹಿಡ್ಕೊಂಡು ನನ್ನ ಜೊತೆ ಬಾ. ಕೆಲಸದೋರಿಗೆ ಬಾಣ ಇಲ್ಲ" ಅಂದರು.

ಪೆಟ್ರಾ ಗೋರು ಹಿಡಿದು ಗಾಡಿಯ ಪಕ್ಕ ನಡೆದರು. ಎದುರಾದವರಿಗೆ ಗುನ್ವೊರ್ ಹೇಯ್ ಅಂದರು, ಯಾರೂ ಪೆಟ್ರಾರನ್ನು ಬೇರೆ ಥರ ನೋಡಲಿಲ್ಲ. ಮಾರನೇ ದಿನ ಐದನೇ ಕಂಬ, ಇನ್ನೊಂದು ದಿನ ಎಂಟನೆಯದು. ಪೂರ್ತಿ ಸುತ್ತು ಮುಗಿಸಲು ಹಿಡಿದದ್ದು ಹೆಚ್ಚುಕಡಿಮೆ ಒಂದು ವರ್ಷ. ಈಗ ಅವರು ವಾರಕ್ಕೆ ಮೂರು ದಿನ ಪಾಠಕ್ಕೆ ಹೋಗುತ್ತಾರೆ. ಒಮ್ಮೊಮ್ಮೆ ಎದೆ ಬಿಗಿಯುತ್ತದೆ, ಆಗ ಗೋರು. ಹೀಗೆ ಗೋರು ಹಿಡಿದವರಲ್ಲಿ ಸೊಂಟದ ಆಪರೇಷನ್ ಆದವರಿದ್ದಾರೆ, ಮಗು ಕಳೆದುಕೊಂಡವರಿದ್ದಾರೆ, ಬರೀ ಬೇಜಾರಾದವರೂ ಇದ್ದಾರೆ. ಗುನ್ವೊರ್ ಯಾರನ್ನೂ ಕಾರಣ ಕೇಳುವುದಿಲ್ಲ. ನನಗಂತೂ ಅವರಲ್ಲಿ ಅತಿ ಇಷ್ಟವಾದದ್ದು ಅದೇ.

ಅಕ್ಟೋಬರಿನ ಕೊನೆಗೆ ಒಂದು ಅವಘಡವಾಯಿತು. ಓಟದ ಸ್ಪರ್ಧೆಗೆ ತಯಾರಾಗುತ್ತಿದ್ದ ಒಬ್ಬಾತ ಕಿವಿಗೆ ಹಾಡು ಸಿಕ್ಕಿಸಿಕೊಂಡು ತಿರುವಿನಲ್ಲಿ ಓಡಿ ಬಂದು ಗಾಡಿಗೆ ಬಡಿದ. ಮಂಡಿ ಊದಿತು, ಸ್ಪರ್ಧೆ ತಪ್ಪಿತು. ಬಾಣಕ್ಕೆ ಎದುರಾಗಿ ಗಾಡಿ ತರುವುದು ಅಪಾಯ ಎಂದು ದೂರು ಬರೆದ. ಅವನ ಮಾತಿನಲ್ಲಿ ತಪ್ಪಿಲ್ಲ, ತಿರುವಿನಲ್ಲಿ ಇಬ್ಬರಿಗೂ ಕಾಣಿಸುವುದಿಲ್ಲ.

ಉದ್ಯಾನ ವಿಭಾಗದ ಮುಖ್ಯಸ್ಥ ಹೆನ್ನಿಂಗ್ ಹೋದ ಗುರುವಾರ ಸಾಮಾನಿನ ಕೊಟ್ಟಿಗೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ಗುನ್ವೊರ್ ಫ್ಲಾಸ್ಕಿನಿಂದ ಮೂರು ಲೋಟ ಕಾಫಿ ಬಗ್ಗಿಸಿದರು, ಏಲಕ್ಕಿ ಬನ್ನು ಮುರಿದು ಹಂಚಿದರು.

"ಸೋಮವಾರದಿಂದ ನೀನೂ ಬಾಣದ ಕಡೇನೇ ಹೋಗ್ಬೇಕಾಗುತ್ತೆ ಗುನ್ವೊರ್. ನಾಳೆ ಇನ್ನೊಬ್ರ ತಲೆ ಒಡೆದ್ರೆ ನಾನೇನು ಹೇಳ್ಲಿ?"

"ಸರಿ."

"ಸಿಟ್ಟು ಬಂತಾ?"

"ಬಂತು. ಕಾಫಿ ಕುಡಿ, ಆರಿಹೋಗುತ್ತೆ."

ಹೆನ್ನಿಂಗ್ ಕುಡಿದರು. ಅವರ ಮುಖವೂ ಸಪ್ಪಗಿತ್ತು. ಅವರು ಹೊರಟ ಮೇಲೆ ಗುನ್ವೊರ್ ಲೋಟ ಒರೆಸುತ್ತ ಹೇಳಿದರು: "ನಂಗೇನು, ಯಾವ ಕಡೆ ತಳ್ಳಿದ್ರೂ ಗಾಡಿ ಅಷ್ಟೇ ಭಾರ. ಅರ್ಧಕ್ಕೆ ವಾಪಸ್ ಬರೋರು ಏನ್ಮಾಡ್ತಾರೆ? ಒಂದ್ಸಲ ಮರದ ಹಿಂದೆ ನಿಂತೋರು ಇನ್ನೊಂದ್ಸಲ ಬರಲ್ಲ. ಮನೇಲಿ ಕೂರ್ತಾರೆ. ಮನೇಲಿ ಕೂತ್ರೆ ಏನಾಗುತ್ತೆ ಅಂತ ನಂಗೊತ್ತು."

ಶುಕ್ರವಾರ ಈ ಸುದ್ದಿಯನ್ನು ಪೆಟ್ರಾಗೆ ತಾವೇ ಹೇಳಿದರು. ಪೆಟ್ರಾ "ಓಹ್" ಅಂದು ಹೊರಟುಹೋದರು. "ಇವಳು ಇನ್ನು ಬರಲ್ಲ ಅನ್ನಿಸಿಬಿಡ್ತು ನಂಗೆ. ಭಾನುವಾರ ಸೋಫಾದಲ್ಲಿ ಕೂತ್ರೂ ಅದೇ ಯೋಚನೆ" ಎಂದು ಗುನ್ವೊರ್ ಒಪ್ಪಿಕೊಳ್ಳುತ್ತಾರೆ.

ಸೋಮವಾರ. ಗುನ್ವೊರ್ ಹಲಗೆಯ ಮುಂದೆ ಗಾಡಿ ಎತ್ತಿ, ಬಲಕ್ಕೆ ತಿರುಗುತ್ತಾರೆ. ನಾನು ಪಕ್ಕದಲ್ಲಿದ್ದೇನೆ. ಹಿಂದಿನಿಂದ ಬಂದವರು ದಾಟಿ ಹೋಗುತ್ತಾರೆ. ಬೆನ್ನ ಹಿಂದಿನಿಂದ ಯಾರೂ ಹೇಯ್ ಅನ್ನುವುದಿಲ್ಲ, ಅದು ರೂಢಿಯಲ್ಲಿಲ್ಲ. ಸಿಕ್ಸ್‌ಟೆನ್ ಕೂಡ ಕೆಮ್ಮಿ ಮುಂದೆ ಹೋಗುತ್ತಾರೆ.

"ಈ ದಾರೀನೇ ನಂಗೆ ಗೊತ್ತಿಲ್ಲ ನೋಡು" ಅನ್ನುತ್ತಾರೆ ಗುನ್ವೊರ್. "ನನ್ನ ಇಳಿಜಾರೆಲ್ಲ ಏರಾಗಿಬಿಟ್ಟಿದೆ."

ಕೆರೆಯ ಪಕ್ಕದ ನೇರದಾರಿಗೆ ಬರುವಾಗ ಮುಂದಿನ ಬೆನ್ನುಗಳಲ್ಲಿ ಏನೋ ಗೊಂದಲ. ಕೆಂಪು ಜಾಕೆಟ್ಟು ಪಕ್ಕಕ್ಕೆ ಸರಿಯುತ್ತದೆ. ಸಿಕ್ಸ್‌ಟೆನ್ ಟೋಪಿ ಮೇಲೆತ್ತುತ್ತಾರೆ. ಯಾರೋ ದೀಪದ ಕೆಳಗೆ, ದಾರಿಯ ಅಂಚು ಹಿಡಿದು, ಬಾಣಕ್ಕೆ ಎದುರಾಗಿ ನಡೆದು ಬರುತ್ತಿದ್ದಾರೆ. ಕೈಯಲ್ಲಿ ಗಾಡಿಯಿಲ್ಲ, ಗೋರಿಲ್ಲ, ಮುಖ ಮಾತ್ರ ಕಿವಿಯವರೆಗೂ ಕೆಂಪಾಗಿದೆ. ಪೆಟ್ರಾ. ಎದುರಾದ ಒಬ್ಬೊಬ್ಬರಿಗೂ ಹೇಯ್ ಅನ್ನುತ್ತಿದ್ದಾರೆ, ಬಾಯಿಪಾಠ ಒಪ್ಪಿಸುವ ಮಗುವಿನ ಥರ ಜೋರಾಗಿ.

ಅವರ ಅರ್ಧ ಹೆಜ್ಜೆ ಹಿಂದೆ ಉದ್ದ ಕೋಟಿನ ಇನ್ನೊಬ್ಬ ಹೆಂಗಸು, ನೆಲ ನೋಡಿಕೊಂಡು ಬರುತ್ತಿದ್ದಾರೆ. ಆಕೆ ಯಾರೆಂದು ಗುನ್ವೊರ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅರ್ಧ ದಾರಿಯಿಂದ ವಾಪಸ್ ಹೊರಟವರು ಎಂಬುದು ನಡಿಗೆಯಲ್ಲೇ ತಿಳಿಯುತ್ತದೆ.

ಪೆಟ್ರಾ ಗಾಡಿಯ ಹತ್ತಿರ ಬರುತ್ತಾರೆ. "ಹೇಯ್" ಅನ್ನುತ್ತಾರೆ. ಒಂದು ಗಳಿಗೆ ಬಿಟ್ಟು ಗುನ್ವೊರ್ "ಹೇಯ್" ಅನ್ನುತ್ತಾರೆ. ಇಬ್ಬರು ಹೆಂಗಸರೂ ನಿಲ್ಲದೆ ದಾಟಿ ಹೋಗುತ್ತಾರೆ.

ನಡೆಯುವವರು ಬಾಣಕ್ಕೆ ಎದುರಾಗಿ ಬರಬಹುದೇ ಎಂದು ಮಧ್ಯಾಹ್ನ ಹೆನ್ನಿಂಗ್‌ಗೆ ಫೋನ್ ಮಾಡಿ ಕೇಳಿದೆ. "ನಡೆಯೋರಿಗೆ ಯಾವ ನಿಯಮಾನೂ ಇಲ್ಲ. ಮಾಡೋದೂ ಇಲ್ಲ" ಎಂದು ಹೇಳಿ ಫೋನ್ ಇಟ್ಟರು.

ಕೊಟ್ಟಿಗೆಯಲ್ಲಿ ಗುನ್ವೊರ್ ಬೂಟಿನ ಮಣ್ಣು ಕೆರೆಯುತ್ತ ಕೂತಿದ್ದಾರೆ. ಬೆಳಗ್ಗೆ ಪೆಟ್ರಾಗೆ ನೀನು ಯಾಕೆ ಅಷ್ಟು ತಡೆದು ಉತ್ತರ ಕೊಟ್ಟೆ ಎಂದು ಕೇಳುತ್ತೇನೆ. ಇನ್ನೊಂದು ಬೂಟು ಕೈಗೆತ್ತಿಕೊಳ್ಳುತ್ತಾರೆ.

"ಇಷ್ಟು ವರ್ಷ ನಾನೇ ಮೊದಲು ಹೇಯ್ ಅಂತಿದ್ದೆ ಅಲ್ವಾ" ಅನ್ನುತ್ತಾರೆ. "ಯಾರಾದ್ರೂ ನಂಗೇ ಮೊದಲು ಅಂದ್ರೆ ಏನು ಮಾಡ್ಬೇಕು ಅಂತ ತಕ್ಷಣ ಹೊಳೀಲಿಲ್ಲ."